ಕೂಲಿಯ ಜಗಳಕ್ಕೆ ದೇಶದ ಹೆಸರು

ಅರಸೀಕೆರೆಯಲ್ಲಿ ಬಸ್ಸು ಹತ್ತಿ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಬಂದು, ಅಲ್ಲಿಂದ ಬಿಕ್ಕೋಡು, ಅರೇಹಳ್ಳಿ ಕಡೆಗೆ ಹೊರಟವರು ಅರ್ಧ ದಿನದೊಳಗೆ ಎರಡು ಸೀಮೆಗಳನ್ನು ನೋಡುತ್ತಾರೆ. ಮೊದಲು ತೆಂಗು, ರಾಗಿ, ನೀರು ಕಾಣದ ಕೆರೆ. ಆಮೇಲೆ ಸಿಲ್ವರ್ ಓಕ್ ಮರಗಳ ನೆರಳು, ಮೆಣಸಿನ ಬಳ್ಳಿ, ಕಾಫಿ. ಹಿಂದೆ ಕಾಫಿ ಹಣ್ಣಾಗುವ ಕಾಲಕ್ಕೆ ಬಯಲುಸೀಮೆಯ ಬಡವರು ಗಂಟುಮೂಟೆ ಕಟ್ಟಿಕೊಂಡು ಮಲೆನಾಡಿನ ತೋಟಗಳಿಗೆ ಹೋಗುತ್ತಿದ್ದರು. ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದವರಿದ್ದರು, ತಮಿಳು ಸೀಮೆಯಿಂದ ಬಂದವರಿದ್ದರು. ಮೇಸ್ತ್ರಿ ಕೊಟ್ಟ ಮುಂಗಡ ತೀರುವವರೆಗೆ ಲೈನ್ ಮನೆಗಳಲ್ಲಿ ಇರುತ್ತಿದ್ದರು, ಕೆಲವರು ಅಲ್ಲೇ ಉಳಿದರು. ಈಗ ಅರಸೀಕೆರೆ ಕಡೆಯ ಹುಡುಗರು ಬೆಂಗಳೂರಿನ ರೈಲು ಹತ್ತುತ್ತಾರೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಜನ ಬರುತ್ತಾರೆ, ಸುಮಾರು ಮೂರು ಸಾವಿರ ಕಿಲೋಮೀಟರ್ ದೂರದಿಂದ.

ಸಂತೆಯ ದಿನ ಅವರು ಗುಂಪಾಗಿ ಪೇಟೆಗೆ ಬರುತ್ತಾರೆ. ಆಲೂಗೆಡ್ಡೆ, ಸಾಸಿವೆ ಎಣ್ಣೆ, ಮೀನು, ಮೊಬೈಲಿಗೆ ಕರೆನ್ಸಿ. ಅಂಗಡಿಯವರಿಗೆ ಒಳ್ಳೆಯ ವ್ಯಾಪಾರ. ಆದರೆ ಅವರು ಬೆನ್ನು ತಿರುಗಿಸಿದ ಕೂಡಲೇ ಬರುವ ಮಾತು ಒಂದೇ: ‘ಇವರೆಲ್ಲ ಬಾಂಗ್ಲಾದವರು.’ ಮೆಣಸು ಕಳವಾದರೆ ಬಾಂಗ್ಲಾದವರು, ಹೆಂಡದಂಗಡಿಯ ಮುಂದೆ ಗಲಾಟೆಯಾದರೆ ಬಾಂಗ್ಲಾದವರು. ದಾಖಲೆ ಪರಿಶೀಲಿಸಿ ಎಂಬ ಒತ್ತಾಯ ಆಗಾಗ ಏಳುತ್ತದೆ. ಕೂಲಿಯಾಳುಗಳ ವಿವರ ಕೊಡಿ ಎಂದು ಪೊಲೀಸರು ಬೆಳೆಗಾರರಿಗೆ ಹೇಳುತ್ತಾರೆ. ಆಧಾರ್ ಕಾರ್ಡಿನ ನೆರಳಚ್ಚುಗಳು ಒಂದು ಕಡತ ಸೇರುತ್ತವೆ. ಆಧಾರ್ ಪೌರತ್ವದ ಪುರಾವೆಯೇ ಅಲ್ಲ ಎನ್ನುವುದು ಬೇರೆ ಮಾತು.

ಅಸ್ಸಾಮಿನಿಂದ ಬರುವವರೆಲ್ಲ ಒಂದೇ ಬಗೆಯವರೂ ಅಲ್ಲ. ಚಹಾ ತೋಟಗಳ ಆದಿವಾಸಿಗಳಿದ್ದಾರೆ. ಅವರ ಮುತ್ತಜ್ಜಂದಿರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಚಹಾ ಕಂಪನಿಗಳಿಗಾಗಿ ಛೋಟಾ ನಾಗಪುರದಿಂದ ಸಾಗಿಸಲಾಗಿತ್ತು. ಬೋಡೋಗಳಿದ್ದಾರೆ. ಬಂಗಾಳಿ ಮಾತಾಡುವ ಮುಸ್ಲಿಮರಿದ್ದಾರೆ. ‘ಬಾಂಗ್ಲಾ’ ಎಂಬ ಮಾತು ಮುಖ್ಯವಾಗಿ ಬೀಳುವುದು ಈ ಕೊನೆಯವರ ಮೇಲೆ. ಇವರ ಹಿರಿಯರಲ್ಲಿ ಬಹಳಷ್ಟು ಮಂದಿ ಸ್ವಾತಂತ್ರ್ಯಕ್ಕೂ ಮೊದಲೇ, ಇಂದು ಬಾಂಗ್ಲಾದೇಶದಲ್ಲಿರುವ ಮೈಮನಸಿಂಗ್ ಮೊದಲಾದ ಜಿಲ್ಲೆಗಳಿಂದ ಬ್ರಹ್ಮಪುತ್ರದ ನಡುಗಡ್ಡೆಗಳಿಗೆ ಬಂದು ಬೇಸಾಯಕ್ಕಿಳಿದವರು. ಆಗ ಅದೆಲ್ಲ ಒಂದೇ ದೇಶ.

ಆ ನದಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹೇಮಾವತಿಯನ್ನು ನೋಡಿದ ಕಣ್ಣಿಗೆ ಬ್ರಹ್ಮಪುತ್ರ ನದಿಯೆಂದೇ ತೋರುವುದಿಲ್ಲ. ಹಿಮಾಲಯದಿಂದ ಅಪಾರ ಹೂಳು ಹೊತ್ತು ತರುವ ಅದು ಜಡೆಯ ಎಳೆಗಳಂತೆ ಹಲವು ಕವಲಾಗಿ ಹರಿಯುತ್ತದೆ. ಒಂದು ಕಡೆ ಹೂಳು ಹಾಕಿ ದ್ವೀಪ ಕಟ್ಟುತ್ತದೆ, ಇನ್ನೊಂದು ಕಡೆ ದಡವನ್ನು ಕೊರೆದು ನುಂಗುತ್ತದೆ. 1950ರ ಆಗಸ್ಟ್ 15ರ ಮಹಾ ಭೂಕಂಪದಲ್ಲಿ ಗುಡ್ಡಗಳು ಕುಸಿದು ನದಿಯ ಪಾತ್ರವೇ ಮೇಲೆದ್ದಿತು. ಅಲ್ಲಿಂದೀಚೆಗೆ ಕೊರೆತ ಇನ್ನೂ ಹೆಚ್ಚಿತು. 1950ರಿಂದ ಈಚೆಗೆ ಅಸ್ಸಾಂ ಹೀಗೆ ಕಳೆದುಕೊಂಡ ಭೂಮಿ 4 ಲಕ್ಷ ಹೆಕ್ಟೇರಿಗೂ ಮಿಗಿಲು. ಹೊಲ ಹೋಗುತ್ತದೆ, ಹೊಲದ ಮೇಲಿನ ಮನೆ ಹೋಗುತ್ತದೆ, ಮನೆಯ ಪೆಟ್ಟಿಗೆಯಲ್ಲಿದ್ದ ಪತ್ರಗಳೂ ಹೋಗುತ್ತವೆ. ಅಂಥವನಿಗೆ ನಿನ್ನ ಅಜ್ಜನ ಊರು ಯಾವುದು ಎಂದು ಕೇಳಿದರೆ ತೋರಿಸಲು ಊರೇ ಇರುವುದಿಲ್ಲ.

ಅಸ್ಸಾಮಿನಲ್ಲಿ ಈ ಪ್ರಶ್ನೆ ಹಳೆಯದು. 1985ರ ಅಸ್ಸಾಂ ಒಪ್ಪಂದ, 1971ರ ಮಾರ್ಚ್ 24ರ ನಡುರಾತ್ರಿಯ ಗಡುವು, ಕೊನೆಗೆ ಪೌರತ್ವದ ನೋಂದಣಿ ಪಟ್ಟಿ. 2019ರ ಆಗಸ್ಟ್ 31ರಂದು ಹೊರಬಂದ ಆ ಪಟ್ಟಿಯಲ್ಲಿ ಅರ್ಜಿ ಹಾಕಿದ್ದ ಸುಮಾರು 3.3 ಕೋಟಿ ಜನರ ಪೈಕಿ 19 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರಿರಲಿಲ್ಲ. ಹೊರಗುಳಿದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಒಂದೇ ಮನೆಯಲ್ಲಿ ಅಣ್ಣ ಒಳಗೆ, ತಮ್ಮ ಹೊರಗೆ ಆದದ್ದೂ ಉಂಟು. ಇಷ್ಟು ವರ್ಷ, ಇಷ್ಟು ಹಣ, ಇಷ್ಟು ಕಚೇರಿಗಳು ಸೇರಿ ತೀರ್ಮಾನಿಸಲಾಗದೆ ಹೋದದ್ದನ್ನು ಬೇಲೂರು ಸೀಮೆಯ ಸಂತೆಯಲ್ಲಿ ಲುಂಗಿ ಉಟ್ಟ ಬಗೆಯನ್ನು ನೋಡಿ ತೀರ್ಮಾನಿಸಲಾಗುತ್ತಿದೆ. ಗಡಿಯನ್ನು ಕದ್ದು ದಾಟಿ ಬಂದವರು ಯಾರೂ ಇಲ್ಲವೆಂದಲ್ಲ. ಇದ್ದಾರೆ, ಸಿಕ್ಕಿಬಿದ್ದಿದ್ದಾರೆ. ಅದನ್ನು ಪತ್ತೆ ಹಚ್ಚುವುದಕ್ಕೆ ಪೊಲೀಸರಿದ್ದಾರೆ, ಕಾನೂನಿದೆ.

ಸ್ಥಳೀಯರ ಕಷ್ಟ ಸುಳ್ಳೇ? ಅಲ್ಲ. ತಲೆಮಾರುಗಳಿಂದ ತೋಟದಲ್ಲಿ ದುಡಿದ ಲೈನ್ ಮನೆಯ ಹೆಂಗಸಿಗೆ, ‘ಈ ಕೂಲಿಗೆ ಬರುವುದಾದರೆ ಬಾ, ಇಲ್ಲವಾದರೆ ಅಸ್ಸಾಮಿನವರಿದ್ದಾರೆ’ ಎಂಬ ಉತ್ತರ ಸಿಕ್ಕರೆ ಆಕೆಯ ಸಿಟ್ಟು ನ್ಯಾಯವಾದದ್ದೇ. ಇತ್ತ ಬೆಳೆಗಾರನ ಮಾತಿನಲ್ಲೂ ಹುರುಳಿದೆ. ಅರೇಬಿಕಾ ಹಣ್ಣು ಆಳು ಸಿಗುವವರೆಗೆ ಕಾಯುವುದಿಲ್ಲ. ಹಣ್ಣಾದದ್ದು ಉದುರುತ್ತದೆ, ಅಕಾಲ ಮಳೆ ಬಂದರೆ ಬಿರಿಯುತ್ತದೆ, ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣು ಕಾಯಿಕೊರಕ ಹುಳುವಿಗೆ ತೊಟ್ಟಿಲಾಗಿ ಮುಂದಿನ ವರ್ಷದ ಬೆಳೆಗೂ ಕುತ್ತು ತರುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿಯ ಬೆಲೆ ನೆಲ ಕಚ್ಚಿದಾಗ ಆಳುಗಳು ಪಟ್ಟಣದ ದಾರಿ ಹಿಡಿದರು. 2024ರಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಹೋದವರು ಮಾತ್ರ ಮರಳಲಿಲ್ಲ.

ಆದರೆ ಈ ಇಬ್ಬರ ನಡುವಿನ ವ್ಯಾಜ್ಯ ಕೂಲಿಯದ್ದು. ಅದಕ್ಕೆ ದೇಶದ ಹೆಸರು ಹೇಗೆ ಅಂಟಿಕೊಂಡಿತು? 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಎಂಬುದೊಂದು ಬಂದಿತ್ತು. ಆಳುಗಳನ್ನು ತರುವ ಗುತ್ತಿಗೆದಾರನಿಗೆ ಪರವಾನಗಿ ಇರಬೇಕು. ಪ್ರತಿಯೊಬ್ಬ ಕಾರ್ಮಿಕನಿಗೂ ಭಾವಚಿತ್ರವಿರುವ ಪಾಸ್ ಪುಸ್ತಕ ಕೊಡಬೇಕು. ಒಂದೇ ಕೆಲಸಕ್ಕೆ ಸ್ಥಳೀಯನಿಗೆ ಕೊಡುವುದಕ್ಕಿಂತ ಕಡಿಮೆ ಕೂಲಿ ಕೊಡಕೂಡದು. ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಸಂಬಳದ ಅರ್ಧದಷ್ಟು ಭತ್ಯೆಯನ್ನೂ ಕೊಡಬೇಕು ಎಂದು ಅದು ಹೇಳಿತ್ತು. ಮುಂದೆ ಈ ಕಾಯ್ದೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿತು. ಸೇರುವಾಗ ಆ ಭತ್ಯೆ ಬಿದ್ದುಹೋಯಿತು. ಈ ಪಾಸ್ ಪುಸ್ತಕವನ್ನು ತೋಟದ ದಾರಿಯಲ್ಲಿ ಎಷ್ಟು ಜನ ಕಂಡಿದ್ದಾರೋ! ಸಂತೆಯಲ್ಲಿ ಆಳಿನ ಪತ್ರ ಕೇಳುವವರು ಗುತ್ತಿಗೆದಾರನ ಪರವಾನಗಿಯನ್ನು ಕೇಳಿದ್ದು ಅಪರೂಪ. ಕೂಲಿ ಇಬ್ಬರಿಗೂ ಒಂದೇ ಆಗಿದ್ದರೆ ಅಸ್ಸಾಮಿನವನನ್ನು ತೋರಿಸಿ ಸ್ಥಳೀಯರನ್ನು ಹೆದರಿಸಲು ಆಗುತ್ತಿರಲಿಲ್ಲ. ಬಾಂಗ್ಲಾದವನೆಂಬ ಹೆಸರು ಹೊತ್ತವನು ಬಾಕಿ ಕೂಲಿ ಕೇಳಲು ಠಾಣೆಯ ಮೆಟ್ಟಿಲು ಹತ್ತುವುದೂ ಇಲ್ಲ. ಆ ಹೆಸರಿನಿಂದ ಲೈನ್ ಮನೆಯ ಹೆಂಗಸಿಗೆ ಏನೂ ಸಿಗಲಿಲ್ಲ, ಲಾಭವಾದದ್ದು ಕೂಲಿ ಹಿಡಿದುಕೊಳ್ಳುವವನಿಗೆ.

ಇಂಥ ಗುರುತು ಹಚ್ಚುವಿಕೆ ಮಿತಿಮೀರಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಒಂದು ಉದಾಹರಣೆ ಇದೆ. ನೆರೆಯ ಜಿಂಬಾಬ್ವೆ ಮತ್ತು ಮೊಜಾಂಬಿಕ್‌ಗಳಿಂದ ಕೆಲಸ ಹುಡುಕಿ ಬಂದವರು ನಮ್ಮ ಕೂಲಿ ಕಸಿದರು ಎಂಬ ಸಿಟ್ಟು 2008ರ ಮೇ ತಿಂಗಳಲ್ಲಿ ಜೊಹಾನ್ಸ್‌ಬರ್ಗಿನ ಅಲೆಕ್ಸಾಂಡ್ರಾ ಎಂಬ ಬಡವರ ಬಡಾವಣೆಯಲ್ಲಿ ಸ್ಫೋಟಿಸಿ ದೇಶದ ಉದ್ದಗಲಕ್ಕೆ ಹರಡಿತು. ಬಣ್ಣ ಒಂದೇ, ಚಹರೆಯೂ ಹೆಚ್ಚು ಕಡಿಮೆ ಒಂದೇ. ಹೊರಗಿನವನನ್ನು ಗುರುತಿಸುವುದು ಹೇಗೆ? ಗುಂಪಿನವರು ದಾರಿಹೋಕರನ್ನು ತಡೆದು, ಮೊಣಕೈ ತೋರಿಸಿ, ಇದಕ್ಕೆ ಜುಲು ಭಾಷೆಯಲ್ಲಿ ಏನನ್ನುತ್ತಾರೆ ಎಂದು ಕೇಳುತ್ತಿದ್ದರು. ‘ಇಂಡೊಲೊಲ್ವಾನೆ’ ಎಂಬುದು ಉತ್ತರ. ಜುಲು ಬಾರದ ಬೇರೆ ಭಾಷೆಗಳ ದಕ್ಷಿಣ ಆಫ್ರಿಕನ್ನರಿಗೂ ಆ ಪದ ತಿಳಿದಿರಲಿಲ್ಲ. ಆ ಗಲಭೆಯಲ್ಲಿ ಸತ್ತವರು 62 ಮಂದಿ. ಅವರಲ್ಲಿ 21 ಮಂದಿ ಆ ದೇಶದ ಪ್ರಜೆಗಳೇ ಆಗಿದ್ದರು.

ಕರ್ನಾಟಕಕ್ಕೂ ಇದು ತೀರಾ ದೂರದ ಮಾತಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಹತ್ತಿರ ಸುಡಾನಿನ ಒಬ್ಬನ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಆಕೆ ಬಂದ ಕಾರನ್ನು ಸುಟ್ಟಿತು. ಸುಡಾನಿಗೂ ತಾಂಜಾನಿಯಾಕ್ಕೂ ನಡುವೆ ಬೇರೆ ದೇಶಗಳೇ ಇವೆ. ಗುಂಪಿಗೆ ಭೂಗೋಳ ಬೇಕಿರಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟಿನಲ್ಲಿ, ಕೇವಲ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದ್ದರು.

ಬೇಲೂರಿಗೆ ಹೊರಗಿನಿಂದ ಆಳು ಬಂದದ್ದು ಇದೇ ಮೊದಲೂ ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಗೆ ಕೆತ್ತನೆ ಮಾಡಿದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಹೆಸರನ್ನೂ ಊರನ್ನೂ ಕಲ್ಲಿನ ಮೇಲೆ ಬರೆದೇ ಹೋದರು. ಅವರದ್ದು ಪಕ್ಕದ ಸೀಮೆ, ಅದೇ ಭಾಷೆ. ಹೋಲಿಕೆಯನ್ನು ಬಹಳ ದೂರ ಎಳೆಯಬೇಕಾಗಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಊರಿನವರು ಹಿಗ್ಗಿದ್ದರಲ್ಲಿ ಆ ಬಳ್ಳಿಗಾವೆಯವರ ಪಾಲೂ ಉಂಟು ಎಂದಷ್ಟೇ ಹೇಳಬಹುದು.

ತೋಟದ ಸೀಮೆಯ ಶಾಲೆಗಳಲ್ಲಿ ಇನ್ನೊಂದು ಬಗೆಯ ಬದಲಾವಣೆ ಇದೆ. ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದ ಮಲೆನಾಡಿನ ಸರ್ಕಾರಿ ಶಾಲೆಗಳಿಗೆ ವಲಸೆಯವರ ಮಕ್ಕಳು ಬಂದರೆ ಹಾಜರಿ ಪುಸ್ತಕ ತುಂಬುತ್ತದೆ. ವರ್ಗಾವಣೆ ಪತ್ರ, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕಿನ ಕಾಯ್ದೆ ಹೇಳುತ್ತದೆ. ಮಕ್ಕಳ ನಾಲಗೆಗೆ ಕನ್ನಡ ಬೇಗ ಹತ್ತುತ್ತದೆ. ಸಂತೆಯಲ್ಲಿ ಅಪ್ಪನ ಪರವಾಗಿ ಚೌಕಾಸಿ ಮಾಡುವಷ್ಟು ಬಂದರೆ ಅದೇ ದೊಡ್ಡದು. ತೊಡಕಿರುವುದು ಕಾಲದ್ದು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ, ರೋಬಸ್ಟಾ ಮಾರ್ಚಿಗೆ ಮುಗಿಯುತ್ತದೆ. ಶಾಲೆ ಶುರುವಾಗುವುದು ಜೂನಿಗೆ, ಪರೀಕ್ಷೆ ಮಾರ್ಚಿನ ಕೊನೆಗೆ. ಮಧ್ಯದಲ್ಲಿ ಬಂದ ಮಗು ಪರೀಕ್ಷೆಗೆ ಮುಂಚೆಯೇ ಅಪ್ಪ ಅಮ್ಮನ ಜೊತೆ ರೈಲು ಹತ್ತುತ್ತದೆ.