ನೀರಿಗಿಳಿಯುವ ಮುನ್ನ ನೆಲದ ಮೇಲಿನ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಈಜು ಕಲಿಸುವ ಶಾಲೆ ಎಂದರೆ ಹೊಲದ ಬಾವಿ. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ ಹಿರಿಯರು ಮಕ್ಕಳನ್ನು ನೀರಿಗೆ ಬಿಡುತ್ತಾರೆ. ತೇಲುವುದಕ್ಕೆ ಅಷ್ಟು ಸಾಕು. ಆದರೆ ಭೀಮಾ ನದಿಯ ಮಡುವಿನ ತಳಕ್ಕೆ ಇಳಿದು, ಕೆಲಸ ಮುಗಿಸಿ, ಜೀವಂತ ಮೇಲೆ ಬರಬೇಕಾದವರಿಗೆ ಏನೇನು ಬೇಕು? ಯಾರಾದರೂ ನೀರುಪಾಲಾದಾಗ ದಂಡೆಯ ಮೇಲಿನ ಜನ ‘ಆಕ್ಸಿಜನ್ ಸಿಲಿಂಡರ್‌ನವರು ಬರಲಿ’ ಎನ್ನುವುದುಂಟು. ಆ ಮಾತನ್ನೇ ಮೊದಲು ತಿದ್ದಿಕೊಳ್ಳೋಣ.

ಸಿಲಿಂಡರಿನಲ್ಲಿ ಏನಿದೆ?

ಸಾಮಾನ್ಯವಾಗಿ ಮುಳುಗು ತಜ್ಞರ ಬೆನ್ನಿನ ಮೇಲಿರುವುದು ಆಮ್ಲಜನಕವಲ್ಲ. ನಾವು ನೀವು ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಸೆಳವು ಬರುವ ಅಪಾಯವಿದೆ. ಸಿಲಿಂಡರಿನ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಹೊಂದಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ 1943ರಲ್ಲಿ ಇದನ್ನು ಬಳಕೆಗೆ ತಂದರು.

ಪಿಯುಸಿ ವಿದ್ಯಾರ್ಥಿಗಳು ಬಾಯಲ್‌ನ ನಿಯಮವನ್ನು ನೆನಪಿಸಿಕೊಳ್ಳಲಿ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ ಒಳಗಿರುವ ಗಾಳಿ 2400 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಎರಡು ಗಂಟೆ ಬಂದೀತು. 10 ಮೀಟರ್ ಆಳದಲ್ಲಿ ಒಂದೇ ಗಂಟೆ. 30 ಮೀಟರಿನಲ್ಲಿ ಬರೀ ಅರ್ಧ ಗಂಟೆ. ಗಾಬರಿಯಾಗಿ ಏದುಸಿರು ಬಿಟ್ಟರೆ ಅದೂ ಇಲ್ಲ.

ಹೋಗುವುದಕ್ಕೆ ಮೂರನೇ ಒಂದು ಪಾಲು, ಮರಳುವುದಕ್ಕೆ ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂಬುದು ಗುಹೆಗಳಲ್ಲಿ ಮುಳುಗುವವರ ಕಟ್ಟುನಿಟ್ಟಿನ ನಿಯಮ. ಅಮೆರಿಕದ ಶೆಕ್ ಎಕ್ಸ್‌ಲಿ ಸಾವುನೋವುಗಳ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ 1979ರಲ್ಲಿ ಬರೆದ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಈ ಲೆಕ್ಕದಲ್ಲಿ 30 ಮೀಟರ್ ಆಳದಲ್ಲಿ ಮುಂದೆ ಸಾಗಲು ಸಿಗುವುದು 10 ನಿಮಿಷ ಮಾತ್ರ!

ಒಂದು ಕೆಟ್ಟರೆ ಇನ್ನೊಂದು

ಹೆಚ್ಚು ಹೊತ್ತು ಆಳದಲ್ಲಿದ್ದವರು ಒಮ್ಮೆಲೇ ಮೇಲೆ ಬರುವಂತಿಲ್ಲ. ಗೋಲಿಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವಂತೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ. ಆದ್ದರಿಂದ ಅಲ್ಲಲ್ಲಿ ತಂಗುತ್ತ ಬರಬೇಕು. ಗುಹೆಯಲ್ಲಾದರೆ ತಲೆಯ ಮೇಲೆ ಬಂಡೆ. ಇಲ್ಲಿ ಕಣ್ಣಿಗೆ ಕಾಣದ ಛಾವಣಿ. ಏನು ಕೆಟ್ಟರೂ ಅಲ್ಲೇ ಸರಿಪಡಿಸಿಕೊಳ್ಳಬೇಕು. ಇಂಥ ಮುಳುಗುವಿಕೆಗೆ ‘ಟೆಕ್ನಿಕಲ್ ಡೈವಿಂಗ್’ ಎಂದು ಹೆಸರು. ಅದರ ಸಲಕರಣೆಯ ಆಯ್ಕೆಯೆಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಇದು ಕೈಕೊಟ್ಟರೆ ಮುಂದೇನು?

ಹಾಗಾಗಿ ಜೋಡಿ ಸಿಲಿಂಡರ್, ಎರಡು ರೆಗ್ಯುಲೇಟರ್. ನಡುವೆ ಒಂದು ಕವಾಟ. ಒಂದು ಕಡೆ ಸೋರಿದರೆ ತಿರುಗಿಸಿ ಇನ್ನೊಂದು ಪಾಲನ್ನು ಉಳಿಸಿಕೊಳ್ಳಬಹುದು. ಬಾಯಲ್ಲಿರುವ ರೆಗ್ಯುಲೇಟರಿಗೆ ಎರಡು ಮೀಟರ್ ಉದ್ದದ ಕೊಳವೆ. ಜೊತೆಗಾರನಿಗೆ ಗಾಳಿ ಮುಗಿದರೆ ಇದನ್ನೇ ಕೊಡುತ್ತಾರೆ, ಏಕೆಂದರೆ ಅದು ಸರಿಯಿದೆಯೆಂದು ಆ ಕ್ಷಣಕ್ಕೆ ಖಾತ್ರಿಯಿದೆ. ತಮಗೆ ಗದ್ದದ ಕೆಳಗೆ ರಬ್ಬರ್ ದಾರದಲ್ಲಿ ನೇತುಬಿಟ್ಟ ಎರಡನೆಯದು. ದೀಪ ಮೂರು, ಕತ್ತರಿಸುವ ಸಾಧನ ಎರಡು, ಮುಖವಾಡ ಒಂದು ಹೆಚ್ಚುವರಿ. ಇಕ್ಕಟ್ಟಾದ ಜಾಗಕ್ಕೆ ಸಿಲಿಂಡರುಗಳನ್ನು ಬೆನ್ನಿನ ಬದಲು ಪಕ್ಕೆಗೆ ಕಟ್ಟುತ್ತಾರೆ.

ಇಷ್ಟೆಲ್ಲ ಇದ್ದೂ ನೀರು ಯಾರ ಮುಲಾಜನ್ನೂ ನೋಡುವುದಿಲ್ಲ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಲುಕಿದ 12 ಹುಡುಗರನ್ನೂ ಅವರ ತರಬೇತುದಾರನನ್ನೂ ಹೊರತಂದ ಸಾಹಸವನ್ನು ಜಗತ್ತೇ ನೋಡಿತು. ಅಲ್ಲಿ ಗುಹೆಯೊಳಗೆ ಸಿಲಿಂಡರ್ ಇರಿಸಿ ಮರಳುತ್ತಿದ್ದ ನೌಕಾಪಡೆಯ ಮಾಜಿ ಯೋಧ ಸಮಾನ್ ಕುನಾನ್ ನೀರಿನಲ್ಲೇ ಪ್ರಜ್ಞೆ ತಪ್ಪಿ ಮೃತಪಟ್ಟರು.

ಭೀಮೆಗೆ ಬೇರೆಯೇ ಸಿದ್ಧತೆ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನೀರು ತಿಳಿಯಾಗಿದ್ದಾಗ ಮೀನುಗಳು ಕಣ್ಣಿಗೆ ಕಟ್ಟುವಂತೆ ಕಾಣುತ್ತವೆ. ಎರೆಮಣ್ಣನ್ನು ಹೊತ್ತು ಬರುವ ಭೀಮೆಯಲ್ಲಿ ಮಳೆಗಾಲದಲ್ಲಿ ನಿಮ್ಮ ಕೈ ನಿಮಗೇ ಕಾಣದು. ಅಲ್ಲಿ ದುಬಾರಿ ದೀಪಕ್ಕಿಂತ ಒಂದು ಹಗ್ಗ ಮೇಲು. ಅದರ ತುದಿ ದಂಡೆಯ ಮೇಲಿನ ಸಹಾಯಕನ ಕೈಯಲ್ಲಿರಬೇಕು. ಎಷ್ಟು ಸಲ ಜಗ್ಗಿದರೆ ಏನರ್ಥ ಎಂಬುದು ಮೊದಲೇ ಗೊತ್ತಿರಬೇಕು. ಹೊಲಸು ನೀರು ಬಾಯಿ ಮೂಗಿಗೆ ಹೋಗದಂತೆ ಇಡೀ ಮುಖ ಮುಚ್ಚುವ ಮುಖವಾಡ ಬೇಕು. ಮುಳುಗಿದ ಜಾಲಿಮುಳ್ಳು, ಹರಿದ ಮೀನುಬಲೆಗಳಿಗೆ ಸಿಕ್ಕಿಕೊಳ್ಳದಂತೆ ಮೈಮೇಲೆ ಏನೂ ಜೋತಾಡಬಾರದು. ಚಾಕು ಎರಡು ಕೈಗೂ ಎಟಕುವಂತಿರಬೇಕು.

ಇನ್ನು ಸೊನ್ನ ಬ್ಯಾರೇಜು, ಆಳಂದದ ಅಮರ್ಜಾ ಜಲಾಶಯದಂಥ ಕಡೆ ಎಂಥ ಸಲಕರಣೆಯೂ ನೀಗಿಸದ ಅಪಾಯವೊಂದಿದೆ. ಬಾಗಿಲಿನ ಎರಡು ಬದಿಯ ನೀರಿನ ಮಟ್ಟದಲ್ಲಿ 3 ಮೀಟರ್ ಅಂತರವಿದೆ ಎನ್ನಿ. ತಳದಲ್ಲಿ 30 ಸೆಂಟಿಮೀಟರ್ ಉದ್ದಗಲದ ಒಂದು ಕಿಂಡಿ. ಅದಕ್ಕೆ ಮೈ ಅಂಟಿದರೆ ಬೀಳುವ ಬಲ ಸುಮಾರು 270 ಕಿಲೋ ತೂಕಕ್ಕೆ ಸಮ. ನಾಲ್ಕು ಜನ ಎಳೆದರೂ ಬಿಡಿಸಲಾಗದು. ಅದಕ್ಕೇ ಬಾಗಿಲುಗಳ ಚಾಲನೆ ನಿಂತು, ನೀರಿನ ಸೆಳೆತವಿಲ್ಲವೆಂದು ಖಾತ್ರಿಯಾಗದೆ ತಿಳಿದವರು ಅಲ್ಲಿ ಇಳಿಯುವುದಿಲ್ಲ. ಬಾಗಿಲ ಬಳಿ ಈಜಲು ಹೋಗುವ ಹುಡುಗರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಲಿ.

ಪಾಲಕರಿಗೆ ನಾಲ್ಕು ಮಾತು

ಮಗನೋ ಮಗಳೋ ಈ ವಿದ್ಯೆಯನ್ನು ಬಯಸಿದರೆ ಹೆದರಬೇಕಿಲ್ಲ. ಪಾಡಿ ಸಂಸ್ಥೆಯ ಮೊದಲ ಪ್ರಮಾಣಪತ್ರದ ತರಬೇತಿಗೆ 10 ವರ್ಷ ತುಂಬಿದ ಮಕ್ಕಳೂ ಸೇರಬಹುದು. ಟೆಕ್ನಿಕಲ್ ಡೈವಿಂಗ್‌ಗೆ 18 ತುಂಬಿರಬೇಕು. ಮೊದಲು ಈಜು, ಆಮೇಲೆ ವೈದ್ಯರ ತಪಾಸಣೆ. ಕಿವಿಯ ತೊಂದರೆ, ಆಸ್ತಮಾ ಇದ್ದರೆ ಮುಚ್ಚಿಡಬೇಡಿ. ಸಲಕರಣೆಗಳನ್ನು ಒಟ್ಟಿಗೆ ಕೊಳ್ಳಬೇಡಿ. ಮೊದಲಿಗೆ ಮುಖವಾಡವೊಂದು ಸಾಕು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಅದು ಬೀಳದೆ ನಿಂತರೆ ಆ ಮುಖಕ್ಕೆ ಸರಿ. ರೆಗ್ಯುಲೇಟರ್ ಕೊಳ್ಳುವಾಗ ಬೆಲೆಗಿಂತ ಮೊದಲು, ಅದನ್ನು ಬಿಚ್ಚಿ ರಿಪೇರಿ ಮಾಡುವವರು ಎಲ್ಲಿದ್ದಾರೆಂದು ಕೇಳಿ. ನೀರಿನೊಳಗಿನ ಮೊದಲ ಪಾಠವೂ ನೆನಪಿರಲಿ: ಉಸಿರು ಬಿಗಿಹಿಡಿದು ಮೇಲೇರಬಾರದು. ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿದೀತು.

ಕಟ್ಟಿಸಂಗಾವಿ ಸೇತುವೆಯ ಕೆಳಗಾಗಲಿ, ದೇವಲ ಗಾಣಗಾಪುರದ ಸಂಗಮದಲ್ಲಾಗಲಿ ಯಾರಾದರೂ ಮುಳುಗುತ್ತಿರುವುದು ಕಂಡರೆ ಹಿಂದೆಯೇ ಜಿಗಿಯಬೇಡಿ. ಹಗ್ಗ ಎಸೆಯಿರಿ, ಬಿದಿರಿನ ಗಳ ಚಾಚಿ, ಖಾಲಿ ಕೊಡವನ್ನೋ ಟ್ಯೂಬನ್ನೋ ಒಗೆಯಿರಿ, 112ಕ್ಕೆ ಕರೆ ಮಾಡಿ. ತರಬೇತಾದವರೇ ಎಲ್ಲವನ್ನೂ ಎರಡೆರಡು ಕಟ್ಟಿಕೊಂಡು ಇಳಿಯುತ್ತಾರೆ. ಬರಿಗೈಯಲ್ಲಿ ಧುಮುಕುವವನ ಬಳಿ ಇರುವುದು ಒಂದೇ ಉಸಿರು.