ಹಾಲಿನ ಲೆಕ್ಕ ಬರೆಸುವ ನಾವು ಅಣಬೆಯ ಲೆಕ್ಕವನ್ನೂ ಬರೆಯೋಣ



ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಹೊಲದ ಬದು, ಹುತ್ತ, ತಿಪ್ಪೆಯ ಅಂಚಿನಲ್ಲಿ ಅಣಬೆ ಏಳುತ್ತವೆ. ನರೇಗಲ್, ಅಬ್ಬಿಗೇರಿ, ಜಕ್ಕಲಿ, ನಿಡಗುಂದಿ ಭಾಗದಲ್ಲಿ ಅವನ್ನು ಮೊದಲು ಕಾಣುವವರು ಎಮ್ಮೆ ಮೇಯಿಸಲು, ಹುಲ್ಲು ಕೊಯ್ಯಲು ಹೋಗುವ ನೀವೇ. ಒಂದೆರಡು ದಿನಗಳಲ್ಲಿ ಅವು ಕರಗಿ ಹೋಗುತ್ತವೆ. ಅಷ್ಟರೊಳಗೆ ಹೊರಗಿನಿಂದ ಯಾವ ವಿಜ್ಞಾನಿಯೂ ಬಂದು ನೋಡಲಾರರು. ಆದ್ದರಿಂದ ನಮ್ಮ ಭಾಗದ ಅಣಬೆಗಳ ದಾಖಲೆ ಆಗುವುದಿದ್ದರೆ ಅದು ನಿಮ್ಮ ಕೈಯಿಂದಲೇ ಆಗಬೇಕು.

ಇದರಿಂದ ಏನು ಪ್ರಯೋಜನ ಎನ್ನುವಿರಾ? ಹುತ್ತದ ಅಣಬೆಯನ್ನೇ ನೋಡಿ. ಗೆದ್ದಲು ತನ್ನ ಗೂಡಿನೊಳಗೆ ಸಾಕಿದ ಶಿಲೀಂಧ್ರವೇ ಮಳೆಗೆ ಅಣಬೆಯಾಗಿ ಮೇಲೆ ಬರುತ್ತದೆ. ಚಿಪ್ಪಣಬೆಯಂತೆ ಅದನ್ನು ಶೆಡ್ಡಿನಲ್ಲಿ ಬೆಳೆಯಲು ಬರುವುದಿಲ್ಲ. ಬದು ಕಿತ್ತು ಹುತ್ತ ಸಮ ಮಾಡಿದರೆ ಅಲ್ಲಿಯ ಅಣಬೆಯೂ ಹೋಯಿತು. ಎಲ್ಲಿ ಏಳುತ್ತಿತ್ತೆಂದು ಬರೆದಿಡದಿದ್ದರೆ, ಕಳೆದುಕೊಂಡದ್ದೇ ನಮಗೆ ಗೊತ್ತಾಗುವುದಿಲ್ಲ.

ಇನ್ನೊಂದು, ವಿಷದ ಮಾತು. ಹುಲ್ಲು ಬೆಳೆಯುವ ಜಾಗದಲ್ಲಿ ಕಂದು ಹುರುಪೆಯ, ದೊಡ್ಡ ಬಿಳಿ ಕೊಡೆಯಂಥ ಅಣಬೆಯೊಂದು ಬರುತ್ತದೆ. ಕೊಡೆಯ ಕೆಳಗಿನ ಪದರಗಳು ಮೊದಲು ಬಿಳಿ, ಬಲಿತಂತೆ ಹಸಿರು. ನೋಡಲು ತಿನ್ನುವ ಅಣಬೆಯಂತೆಯೇ ಇದ್ದರೂ ತಿಂದವರಿಗೆ ವಾಂತಿ, ಭೇದಿ ತಪ್ಪದು. ಬೆಳ್ಳಿ, ಅರಿಶಿನ, ಬೆಳ್ಳುಳ್ಳಿ ಹಾಕಿ ನೋಡುವ ಪರೀಕ್ಷೆಗಳನ್ನು ನಂಬಬೇಡಿ. ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು 6ರಿಂದ 24 ತಾಸಿನ ನಂತರ ತೋರಿ, ಯಕೃತ್ತನ್ನೇ ಕೆಡಿಸುತ್ತದೆ. ಯಾರಿಗಾದರೂ ಹಾಗಾದರೆ ಉಳಿದ ಅಣಬೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಬರೆಯುವುದಕ್ಕೆ ತಿಂದು ನೋಡಬೇಕಾಗಿಲ್ಲ. ಯಾವುದು ಎಲ್ಲಿ ಏಳುತ್ತದೆ ಎಂಬ ದಾಖಲೆ ಇದ್ದರೆ ಮನೆಗೆ ಬಂದ ಸೊಸೆಗೂ ಮಕ್ಕಳಿಗೂ ತೋರಿಸಿ ಎಚ್ಚರಿಸಬಹುದು.

ಇದಕ್ಕೆ ಕಾನೂನಿನ ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಈ ದಾಖಲಾತಿಯ ವಿಚಾರವನ್ನು ಬೆಳೆಸಿದವರು. ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕೆಂದು 2004ರ ಕೇಂದ್ರ ನಿಯಮಗಳೇ ಹೇಳಿದ್ದವು. ನಿಮ್ಮ ಪಂಚಾಯಿತಿಯ ದಾಖಲಾತಿಯನ್ನು ಒಮ್ಮೆ ಕೇಳಿ ನೋಡಿ. ಅದರಲ್ಲಿ ಅಣಬೆಯ ಪುಟ ಇಲ್ಲದಿದ್ದರೆ ಸೇರಿಸಲು ಹೇಳಿ.

"ನಮಗೆ ಪುರುಸೊತ್ತೆಲ್ಲಿದೆ?" ಎಂಬ ಮಾತು ನ್ಯಾಯವಾದದ್ದೇ. ಆದರೆ ದಿನಕ್ಕೆರಡು ಸಲ ಲೀಟರು, ಫ್ಯಾಟು ಬರೆಸಿ, ಒಂದು ಅಂಕಿ ತಪ್ಪಿದರೂ ಕೇಳುವವರು ನಾವು. ಅಣಬೆಗೆ ಬೇಕಾದದ್ದು ನಾಲ್ಕೇ ಸಾಲು: ಕಂಡ ದಿನ, ಯಾವ ಮಳೆ, ಮೃಗಶಿರವೋ ಆರಿದ್ರವೋ, ಎರೆ ಹೊಲವೋ, ಮಸಾರಿಯೋ, ಹುತ್ತವೋ, ತಿಪ್ಪೆಯೋ, ಮನೆಯ ಹಿರಿಯರು ಕರೆಯುವ ಹೆಸರು. ಮೊಬೈಲಿದ್ದರೆ ಮೇಲಿನಿಂದ, ಕೆಳಗಿನಿಂದ, ಬುಡದ ಕಡೆಯಿಂದ ಮೂರು ಫೋಟೊ ತೆಗೆಯಿರಿ. ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಟ್ಟರೆ ಗಾತ್ರವೂ ತಿಳಿಯುತ್ತದೆ.

ಜಾಗ ಗೊತ್ತಾದರೆ ಹೊರಗಿನವರು ಬಂದು ಬಾಚಿಕೊಂಡು ಹೋದಾರು ಎಂಬ ಅಂಜಿಕೆಯೂ ಸುಳ್ಳಲ್ಲ. ಅದಕ್ಕೇ ಪಂಚಾಯಿತಿಗೆ ಕೊಡುವಾಗ ಊರು ಮತ್ತು ಮಣ್ಣಿನ ಬಗೆ ಮಾತ್ರ ತಿಳಿಸಿ. ಯಾರ ಬದು, ಯಾವ ಹುತ್ತ ಎಂಬುದು ನಿಮ್ಮ ಸಂಘದ ವಹಿಯಲ್ಲೇ ಇರಲಿ.

ಈ ಮಳೆಗಾಲದಲ್ಲಿ ಸಂಘದ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಲು ಕಾರ್ಯದರ್ಶಿಗೆ ಹೇಳಿ. ಬೆಳಗಿನ ಹಾಲು ಹಾಕಲು ಬಂದಾಗ, ಹಿಂದಿನ ದಿನ ಕಂಡದ್ದನ್ನು ಬರೆಯಿರಿ. ಬರೆಯಲು ಬಾರದವರದ್ದನ್ನು ಪಕ್ಕದವರು ಬರೆದುಕೊಡಲಿ. ದೀಪಾವಳಿ ಹೊತ್ತಿಗೆ ಸಂಘದ ಸಭೆಯಲ್ಲಿ ಅದನ್ನು ಓದಿ, ಊರಿನ ನಕ್ಷೆಯ ಮೇಲೆ ಗುರುತು ಹಾಕಿ.