ಕರ್ಮಣಿ ಸಾಕು, ಕರ್ತರಿಗೆ ಬನ್ನಿ!

ದಾವಣಗೆರೆ-ಹರಿಹರದ ಕನ್ನಡ ಯುವಕರೇ, ಯುವತಿಯರೇ,

ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಪ್ರೆಸ್ಸಿಗೆ ಇಂಗ್ಲಿಷ್ ನೋಟ್ಸುಗಳ ರಾಶಿ ಬಂದು ಬೀಳುತ್ತದೆ. ಆ್ಯಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು, ನಾಟಕದ ಒಂದೊಂದು ಪಾತ್ರಕ್ಕೂ ಹತ್ತು ಸಾಲಿನ ‘ಕ್ಯಾರೆಕ್ಟರ್ ಸ್ಕೆಚ್’. ಅರ್ಥವಾಗಲಿ ಬಿಡಲಿ, ಉರು ಹೊಡೆಯಿರಿ! ಹರಿಹರದಿಂದ ಬೆಳಗಿನ ಬಸ್ಸು ಹಿಡಿದು ಬರುವ ಹುಡುಗರು ದುಡ್ಡು ತೆತ್ತು ಕೊಳ್ಳುವ ವಿದ್ಯೆ ಇದು! “ಪಕ್ಕದಲ್ಲಿ ಎರಡು ಸಾಲು ಕನ್ನಡ ವಿವರಣೆ ಹಾಕೋಣವೇ ಸಾರ್?” ಎಂದು ಟ್ಯೂಷನ್ ನಡೆಸುವ ಒಬ್ಬರನ್ನು ಕೇಳಿದೆ. “ಕನ್ನಡ ಹಾಕಿದ್ರೆ ವ್ಯಾಲ್ಯೂ ಇರಲ್ಲ ಕಣ್ರೀ” ಎಂದರು. ನಾನು ಓದಿದ್ದು ಬರೀ ಪಿಯುಸಿ. ಆದರೂ ಆ ಮಾತಿಗೆ ಮೈ ಉರಿಯಿತು.

ಯಾವುದಪ್ಪಾ ಆ ಮಹಾವಿದ್ಯೆ? “ರಾಜು ಬೆಣ್ಣೆದೋಸೆಯನ್ನು ತಿಂದನು” ಎಂದರೆ ಕರ್ತರಿ ಪ್ರಯೋಗ. “ರಾಜುವಿನಿಂದ ಬೆಣ್ಣೆದೋಸೆಯು ತಿನ್ನಲ್ಪಟ್ಟಿತು” ಎಂದರೆ ಕರ್ಮಣಿ. ಕರ್ತೃವಿಗೆ ‘ಇಂದ’ ಅಂಟಿತು, ಕ್ರಿಯಾಪದಕ್ಕೆ ‘ಅಲ್ಪಡು’ ಸೇರಿತು. ಇಂಗ್ಲಿಷಿನ ‘ಬೈ’ ಮಾಡುವ ಕೆಲಸವನ್ನೇ ಇಲ್ಲಿ ನಮ್ಮ ‘ಇಂದ’ ಮಾಡುತ್ತದೆ. ಹೈಸ್ಕೂಲಿನ ಕನ್ನಡ ವ್ಯಾಕರಣ ಬಲ್ಲವರಿಗೆ ಇದು ಅರ್ಧ ಗಂಟೆಯ ಪಾಠ!

ಇನ್ನು ಪಾತ್ರ. 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಊರಿಗೆ ಪಾತ್ರವೆಂದರೇನೆಂದು ನೋಟ್ಸು ಹೇಳಿಕೊಡಬೇಕೇ? ಕಂಪನಿ ನಾಟಕ ನೋಡಿ ಬಂದ ನಮ್ಮ ತಾಯಂದಿರು ಯಾರು ಏನು ಮಾಡಿದರು, ಯಾಕೆ ಮಾಡಿದರು, ಮಾಡಿದ್ದು ಸರಿಯೇ ಎಂದು ಮನೆಯಲ್ಲಿ ವಾದಕ್ಕೆ ಕೂರುತ್ತಿದ್ದರು. ಕ್ಯಾರೆಕ್ಟರ್ ಸ್ಕೆಚ್ ಎಂದರೆ ಅದೇ! ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಗ್ರೀಕರ ಏಜಾಕ್ಸನನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದರು. ಕುವೆಂಪು ಹ್ಯಾಮ್ಲೆಟ್ಟನ್ನು ‘ರಕ್ತಾಕ್ಷಿ’ಯಾಗಿಸಿದರು. ಅವರ ‘ವ್ಯಾಲ್ಯೂ’ ಕಡಿಮೆಯಾಯಿತೇ?

ನಾವು ಇಂಗ್ಲಿಷಿನ ವೈರಿಗಳಲ್ಲ. ಹರಿಹರೇಶ್ವರನ ಒಂದೇ ಮೈಯಲ್ಲಿ ಹರಿಯೂ ಹರನೂ ಇರುವಾಗ ನಿಮ್ಮ ತಲೆಯಲ್ಲಿ ಎರಡು ನುಡಿ ಇರಲಾರವೇ? ಆದರೆ ಕನ್ನಡದ ಮೆಟ್ಟಿಲು ಕಿತ್ತೆಸೆದು ಇಂಗ್ಲಿಷಿನ ಅಟ್ಟ ಹತ್ತಿ ಎನ್ನುವುದು ವಿದ್ಯೆಯಲ್ಲ, ವ್ಯಾಪಾರ!

“ಕನ್ನಡವು ಉಳಿಸಲ್ಪಡಬೇಕು” ಎಂಬ ಭಾಷಣ ಪ್ರತಿ ನವೆಂಬರಿನಲ್ಲೂ ಕೇಳುತ್ತೀರಿ. “ಕ್ರಮ ಕೈಗೊಳ್ಳಲಾಗುವುದು” ಎಂಬ ಸರ್ಕಾರಿ ಉತ್ತರವನ್ನೂ ಓದುತ್ತೀರಿ. ಯಾರಿಂದ ಸ್ವಾಮಿ? ಕರ್ತೃವೇ ನಾಪತ್ತೆ! ಆ ಕರ್ತೃ ನೀವಾಗಿ. ನಾಳೆ ಟ್ಯೂಷನ್ನಿನಲ್ಲಿ ಎದ್ದು ನಿಂತು ಕೇಳಿ: “ಸಾರ್, ಇದನ್ನು ಕನ್ನಡದಲ್ಲಿ ತಿಳಿಸಿ.” ಕನ್ನಡ ವಿವರಣೆಯ ನೋಟ್ಸು ಬರೆದು ತನ್ನಿ. ಮೊದಲ ನೂರು ಪ್ರತಿಗೆ ನನಗೆ ಅಚ್ಚುಕೂಲಿ ಬೇಡ.

ಸಿರಿಗನ್ನಡಂ ಗೆಲ್ಗೆ!